ಮನೆ ಮುಟ್ಟುವ ಮೊದಲೇ ಮನೆಯಲ್ಲಿ ಬಿದ್ದವನು

ಕಾಣಿಯೂರು ಪೇಟೆಯಿಂದ ಒಳಗೆ ಹೋಗುವ ಕಾಂಕ್ರೀಟ್ ರಸ್ತೆ ಮುಗಿಯುವಲ್ಲಿ, ಗುಡ್ಡದ ಓರೆಯಲ್ಲಿ ಕುಶಾಲಪ್ಪನ ಮನೆ. ಅಂಗಳ ದಾಟಿದರೆ ಇಳಿಜಾರು. ಇಳಿಜಾರಿನುದ್ದಕ್ಕೂ ಮುನ್ನೂರು ಚಿಲ್ಲರೆ ರಬ್ಬರ್ ಮರ. ಇಪ್ಪತ್ತನಾಲ್ಕು ವರ್ಷ ಮಿಲಿಟರಿಯಲ್ಲಿದ್ದು, ಹವಾಲ್ದಾರನಾಗಿ ನಿವೃತ್ತನಾಗಿ, 2019ರ ನವೆಂಬರಿನಲ್ಲಿ ಊರಿಗೆ ಬಂದಾಗ ಅವನ ಮನಸ್ಸಿನಲ್ಲಿ ಒಂದೇ ಆಸೆಯಿತ್ತು. ಹೆಂಡತಿ ಕಮಲಾವತಿ ಇಷ್ಟು ವರ್ಷ ಬೆಳಗಿನ ಐದು ಗಂಟೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಒಬ್ಬಳೇ ಆ ಮರಗಳಿಗೆ ಕತ್ತಿ ಹಾಕಿ ಹಾಲು ತೆಗೆದದ್ದು ಸಾಕು. ಇನ್ನು ಟ್ಯಾಪಿಂಗ್ ತನ್ನದು. ಅವಳು ಎದ್ದು ನಿಧಾನಕ್ಕೆ ಕಾಫಿ ಕುಡಿಯಲಿ.

ಆ ಆಸೆ ಮೂರು ದಿನ ಬಾಳಿತು. ಗುಡ್ಡ ಹತ್ತುವುದು ಅವನಿಗೆ ಹೇಗೋ ಆಗುತ್ತಿತ್ತು, ಇಳಿಯುವುದು ಆಗುತ್ತಿರಲಿಲ್ಲ. ಬಲಗಾಲನ್ನು ಕೆಳಗಿಟ್ಟು ಭಾರ ಬಿಟ್ಟಕೂಡಲೇ ಮಂಡಿ ಒಳಗಿಂದ ಸಡಿಲವಾಗಿ ಪಕ್ಕಕ್ಕೆ ಹೋಗುತ್ತಿತ್ತು. ಮೂರನೆಯ ದಿನ ರಬ್ಬರ್ ಹಾಲು ತುಂಬಿದ ಬಕೆಟ್ ಸಮೇತ ಉರುಳಿ, ನಾಲ್ಕು ಸಾಲು ಕೆಳಗೆ ಒಂದು ಮರದ ಬುಡಕ್ಕೆ ತಾಗಿ ನಿಂತ. ಕಮಲಾವತಿ ಓಡಿ ಬಂದು, ಮೈಮೇಲೆ ಚೆಲ್ಲಿದ ಹಾಲು ಒಣಗಿ ಹಿಡಿದುಕೊಳ್ಳುವ ಮೊದಲೇ ಅಂಗಿ ಬಿಚ್ಚಿಸಿ, ಮನೆಮಾತಾದ ಅರೆಭಾಷೆಯಲ್ಲಿ ಹೊಟ್ಟೆ ತುಂಬ ಬೈದಳು. ಮರುದಿನ ಕತ್ತಿ ಪುನಃ ಅವಳ ಕೈಗೆ ಹೋಯಿತು. ಕುಶಾಲಪ್ಪ, ಹೆಪ್ಪುಗಟ್ಟಿದ ರಬ್ಬರನ್ನು ಶೀಟು ಒತ್ತುವ ಮೆಷಿನಿನ ಹತ್ತಿರ ಸ್ಟೂಲು ಹಾಕಿಕೊಂಡ.

ಡಿಸೆಂಬರಿನಲ್ಲಿ ರೆಜಿಮೆಂಟಿನ ದಾಖಲೆ ಕಚೇರಿಯಿಂದ ಒಂದು ರಿಜಿಸ್ಟರ್ಡ್ ಲಕೋಟೆ ಬಂತು. ಸೇವೆಯ ಪಿಂಚಣಿ ಅದಾಗಲೇ ಮಂಜೂರಾಗಿತ್ತು. ಇದು ಮಂಡಿಯ ಬಗ್ಗೆ. ಸೇವೆಯಲ್ಲಿ ಅಂಗ ಊನವಾದವರಿಗೆ ಬೇರೆ ಪಿಂಚಣಿಯಿದೆ. ಆದರೆ ಅದಕ್ಕೆ ಮೆಡಿಕಲ್ ಬೋರ್ಡು ಎರಡು ಮಾತು ಬರೆದುಕೊಡಬೇಕು: ಊನ ನೂರಕ್ಕೆ ಇಪ್ಪತ್ತಾದರೂ ಇದೆ ಎನ್ನುವುದು ಒಂದು, ಅದು ಸೇವೆಯಿಂದಲೇ ಆದದ್ದು ಎನ್ನುವುದು ಇನ್ನೊಂದು. ಪುತ್ತೂರಿನಲ್ಲಿ ಪಿಯುಸಿ ಓದುತ್ತಿದ್ದ ಮಗಳು ಸುರಕ್ಷಾ ಜಗಲಿಯಲ್ಲಿ ಕೂತು, ಇಂಗ್ಲಿಷಿನ ಆ ಕಾಗದವನ್ನು ಒಂದೊಂದೇ ವಾಕ್ಯವಾಗಿ ಕನ್ನಡದಲ್ಲಿ ಹೇಳಿದಳು. ಊನ ನೂರಕ್ಕೆ ಹನ್ನೊಂದರಿಂದ ಹದಿನಾಲ್ಕು. ಮುಂದಿನ ಸಾಲಿಗೆ ಬಂದು ಅವಳು ನಿಲ್ಲಿಸಿದಳು. ಓದು ಎಂದು ಕುಶಾಲಪ್ಪ ಹೇಳಿದ ಮೇಲೆ ಓದಿದಳು. ರಜೆಯಲ್ಲಿದ್ದಾಗ ಸ್ವಂತ ಮನೆಯ ಅಡಿಕೆ ತೋಟದಲ್ಲಿ ಜಾರಿ ಬಿದ್ದು ಆದ ಗಾಯ. ಸೇನಾ ಸೇವೆಗೂ ಇದಕ್ಕೂ ಸಂಬಂಧವಿಲ್ಲ.

ಮೊದಲು ಮಾತಾಡಿದವಳು ಕಮಲಾವತಿ.

"ಅಡಿಕೆ ತೋಟವಾ? ನಮಗೆ ಅಡಿಕೆ ತೋಟ ಎಲ್ಲಿ ಉಂಟು? ಬಚ್ಚಲಿನ ಹಿಂದೆ ನಾಲ್ಕು ಮರ ಉಂಟು, ಅದರಲ್ಲಿ ಜಾರಲಿಕ್ಕೆ ಜಾಗವೂ ಇಲ್ಲ. ತೋಟ ಅವರೇ ಕೊಟ್ಟದ್ದಾ?"

ಕುಶಾಲಪ್ಪ ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. ಊರಲ್ಲಿ ಅವನು ಸ್ವರ ಏರಿಸಿ ಮಾತಾಡಿದ್ದನ್ನು ಕೇಳಿದವರಿಲ್ಲ. ರಜೆಯಲ್ಲಿ ಬಂದರೆ ಯಾರ ಮನೆಯ ಪಂಪು ಕೆಟ್ಟರೂ ಕರೆಯದೇ ಹೋಗಿ ಸರಿ ಮಾಡಿಕೊಟ್ಟು ಬರುತ್ತಿದ್ದವನು. ಆವತ್ತು ಅವನಿಗೆ ಸಿಟ್ಟು ಬಂತು.

ನಡೆದದ್ದು ಬೇರೆಯೇ. 2016ರ ಜನವರಿಯಲ್ಲಿ ಅವನ ತುಕಡಿ ಉತ್ತರದ ಗಡಿಯಲ್ಲಿ, ಬಹಳ ಎತ್ತರದ ಒಂದು ಪೋಸ್ಟಿನಲ್ಲಿತ್ತು. ಕೆಳಗಿನ ದಾಸ್ತಾನಿನಿಂದ ಸೀಮೆಎಣ್ಣೆ ಹೊತ್ತು ತರುವ ಸರದಿ. ನಾಲ್ವರು, ಒಂದೇ ಹಗ್ಗ, ಬೆನ್ನಿಗೆ ಇಪ್ಪತ್ತು ಲೀಟರಿನ ಕ್ಯಾನು. ಮುಂದಿದ್ದವನ ಕಾಲಡಿಯ ಹಿಮ ಕುಸಿಯಿತು. ಹಗ್ಗ ಸರ್ರನೆ ಎಳೆಯಿತು. ಕೊನೆಯಲ್ಲಿದ್ದ ಕುಶಾಲಪ್ಪ ಬಲಗಾಲನ್ನು ಹಿಮದಲ್ಲಿ ತೊಡೆಯವರೆಗೆ ಊರಿ ತಡೆದ. ಬಿದ್ದವನು ಉಳಿದ, ನಡುವಿನ ಇಬ್ಬರೂ ಉಳಿದರು. ಆದರೆ ಊರಿದ ಕಾಲು ಹಿಮದಲ್ಲೇ ಹೂತಿತ್ತು, ಭಾರಕ್ಕೆ ಮೈ ಮಾತ್ರ ತಿರುಗಿತು. ಹಸಿ ಕೊಂಬೆಯನ್ನು ಮುರಿದಂಥ ಸದ್ದು ಅವನಿಗೆ ಕಿವಿಯಲ್ಲಿ ಕೇಳಿದ್ದಲ್ಲ, ಮಂಡಿಯೊಳಗೆ ಕೇಳಿದ್ದು.

ಪೋಸ್ಟಿನಲ್ಲಿದ್ದ ನರ್ಸಿಂಗ್ ಸಹಾಯಕ ಒಡಿಶಾದವನು. ಬ್ಯಾಂಡೇಜು ಸುತ್ತಿ, ನೋವಿನ ಮಾತ್ರೆ ಕೊಟ್ಟು, ತನ್ನ ಪುಸ್ತಕದಲ್ಲಿ ಬರೆದುಕೊಂಡ. ಹಿಮ ಬಿದ್ದು ದಾರಿ ಮುಚ್ಚಿತ್ತು. ಹೆಲಿಕಾಪ್ಟರು ಜೀವ ಹೋಗುವವರಿಗೆ ಮಾತ್ರ, ಮಂಡಿ ಜೀವವಲ್ಲ. ಮೂರು ವಾರ ಕುಶಾಲಪ್ಪ ಕಾಲಿಗೆ ಪಟ್ಟಿ ಬಿಗಿದುಕೊಂಡೇ ಕಾವಲು ನಿಂತ, ಯಾಕೆಂದರೆ ಅವನು ನಿಲ್ಲದಿದ್ದರೆ ಅವನ ಸರದಿ ಇನ್ನೊಬ್ಬನಿಗೆ ಬೀಳುತ್ತಿತ್ತು. ದಾರಿ ತೆರೆಯುವ ಹೊತ್ತಿಗೆ ಅವನ ವಾರ್ಷಿಕ ರಜೆಯ ಸರದಿಯೂ ಬಂತು. ಊರಿಗೆ ಬಂದವನು ಪುತ್ತೂರಿನಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದ. ಅವರು ಸ್ಕ್ಯಾನ್ ಮಾಡಿಸಿ, ಕೂಡಲೇ ಮಿಲಿಟರಿ ಆಸ್ಪತ್ರೆಗೆ ಹೋಗಬೇಕೆಂದು ಚೀಟಿ ಬರೆದುಕೊಟ್ಟರು. ಅವನ ಮಂಡಿಯ ಬಗ್ಗೆ ಸರಕಾರದ ಕೈಗೆ ಸಿಕ್ಕ ಮೊದಲ ಕಾಗದವೆಂದರೆ ಅದೇ ಚೀಟಿ. ತಾರೀಕು ಫೆಬ್ರವರಿ ಒಂಬತ್ತು. ರಜೆ ಸುರುವಾದದ್ದು ಫೆಬ್ರವರಿ ಆರು. ರಜೆಯ ನಾಲ್ಕನೆಯ ದಿನ ಊರಿನ ಡಾಕ್ಟರಿಗೆ ಮಂಡಿ ತೋರಿಸಿದ್ದಾನೆ ಎಂದಮೇಲೆ ಊರಲ್ಲೇ ಬಿದ್ದಿರಬೇಕು ಎಂದು ಮೇಜಿನ ಆಚೆ ಕೂತ ಯಾರೋ ತೀರ್ಮಾನಿಸಿದ್ದರು.

ಅಡಿಕೆ ತೋಟ ಎಲ್ಲಿಂದ ಬಂತು ಎಂದು ಎರಡು ದಿನ ಯೋಚಿಸಿದ ಮೇಲೆ ಅವನಿಗೆ ನೆನಪಾಯಿತು. ಆಪರೇಷನ್ನಿಗೆಂದು ಮಿಲಿಟರಿ ಆಸ್ಪತ್ರೆಗೆ ಸೇರುವಾಗ, ಫಾರ್ಮು ತುಂಬುತ್ತಿದ್ದ ಗುಮಾಸ್ತ ಹಿಂದಿಯಲ್ಲಿ ನಿಮ್ಮ ಊರು ಹೇಗೆ ಎಂದು ಲೋಕಾಭಿರಾಮವಾಗಿ ಕೇಳಿದ್ದ. ನಮ್ಮ ಕಡೆ ಎಲ್ಲಿ ನೋಡಿದರೂ ಅಡಿಕೆ ಎಂದು ಕುಶಾಲಪ್ಪ ಸಂತೋಷದಿಂದಲೇ ಹೇಳಿದ್ದ.

ಅದಕ್ಕಿಂತ ಹೆಚ್ಚು ಅವನನ್ನು ತಿಂದದ್ದು ಇನ್ನೊಂದು ಸಂಗತಿ. ನಿವೃತ್ತಿಗೆ ಮುಂಚಿನ ಮೆಡಿಕಲ್ ಬೋರ್ಡಿನ ಫಾರ್ಮಿನ ಪ್ರತಿ ಲಕೋಟೆಯಲ್ಲೇ ಇತ್ತು. ಆ ತೋಟದ ವಾಕ್ಯದ ಕೆಳಗೆ ಅವನ ಸಹಿಯಿತ್ತು. ಆವತ್ತು ನಲವತ್ತು ಜನರ ಸಾಲು. ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲೆಲ್ಲ ಸಹಿ ಮಾಡಿ ಎಂದಿದ್ದರು. ಇಪ್ಪತ್ತನಾಲ್ಕು ವರ್ಷ ಹೇಳಿದಲ್ಲಿ ಸಹಿ ಮಾಡಿದವನು, ಆವತ್ತೂ ಮಾಡಿದ. ಬೋರ್ಡಿನ ಡಾಕ್ಟರು ಅವನನ್ನು ಅಂಗಾತ ಮಲಗಿಸಿ, ಮಂಡಿ ಎಷ್ಟು ಮಡಚುತ್ತದೆಂದು ಅಳೆದು, ಪರವಾಗಿಲ್ಲ ಎಂದು ಮುಂದಿನವನನ್ನು ಕರೆದಿದ್ದರು. ಎಲ್ಲ ಸೇರಿ ಎರಡು ನಿಮಿಷ.

ಸುಳ್ಯದಲ್ಲಿ ಚೆನ್ನಪ್ಪ ಎಂಬ ನಿವೃತ್ತ ಸುಬೇದಾರರಿದ್ದರು. ಎಪ್ಪತ್ತು ದಾಟಿದವರು. ಮಾಜಿ ಸೈನಿಕರ ಕಾಗದಪತ್ರ ಬರೆದುಕೊಡುವುದನ್ನೇ ನಿವೃತ್ತಿಯ ಕೆಲಸ ಮಾಡಿಕೊಂಡಿದ್ದರು. ಅವರು ಫಾರ್ಮನ್ನು ಕನ್ನಡಕ ಏರಿಸಿ ಇಳಿಸಿ ಓದಿ, ಸಹಿಯ ಜಾಗಕ್ಕೆ ಬಂದಾಗ ಕುಶಾಲಪ್ಪನ ಮುಖ ನೋಡಿದರು.

"ಓದದೆ ಹಾಕಿದ್ದಾ?"

"ಹೌದು ಸಾಬ್."

"ಎಲ್ಲರೂ ಹಾಗೇ ಹಾಕುದು. ನಾನೂ ಹಾಕಿದ್ದೆ. ನನ್ನದರಲ್ಲಿ ಸುಳ್ಳು ಇರಲಿಲ್ಲ, ಅಷ್ಟೇ."

ಆರು ತಿಂಗಳ ಒಳಗೆ ಮೇಲ್ಮನವಿ ಹಾಕಬೇಕಿತ್ತು. ಚೆನ್ನಪ್ಪನವರು ಹೇಳಿಕೊಟ್ಟಂತೆ ಕುಶಾಲಪ್ಪ ಹಿಮ, ಹಗ್ಗ, ಕ್ಯಾನು, ಜೊತೆಗಿದ್ದ ಮೂವರ ಹೆಸರು ಎಲ್ಲವನ್ನೂ ನಾಲ್ಕು ಪುಟ ಬರೆದ. ಸುರಕ್ಷಾ ಇಂಗ್ಲಿಷಿಗೆ ತಂದು ಟೈಪು ಮಾಡಿಸಿದಳು. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಪೋಸ್ಟಿನ ಆ ವೈದ್ಯಕೀಯ ಪುಸ್ತಕದ ಪುಟ ಬೇಕೆಂದು ಅರ್ಜಿಯನ್ನೂ ಹಾಕಿದರು. ಅಷ್ಟರಲ್ಲಿ ಕೊರೊನಾ ಬಂದು ಲೋಕವೇ ಬಾಗಿಲು ಹಾಕಿತು. ಮಾಹಿತಿ ಹಕ್ಕಿನ ಉತ್ತರ ಬಂದದ್ದು ಮಳೆಗಾಲ ಮುಗಿದ ಮೇಲೆ: ಅವಧಿ ಮೀರಿದ ಕಾರಣ ಸದರಿ ಪುಸ್ತಕವನ್ನು ನಿಯಮದಂತೆ ನಾಶಪಡಿಸಲಾಗಿದೆ. ಜೊತೆಗಿದ್ದ ಮೂವರಲ್ಲಿ ಇಬ್ಬರ ಫೋನ್ ನಂಬರು ಬದಲಾಗಿತ್ತು. ಇನ್ನೊಬ್ಬ, ಹಗ್ಗದ ಮುಂದೆ ಇದ್ದವನೇ, ಇನ್ನೂ ಸೇವೆಯಲ್ಲಿದ್ದ. ಫೋನಿನಲ್ಲಿ ಅತ್ತ; ಆದರೆ ಮೇಲಿನವರ ಒಪ್ಪಿಗೆಯಿಲ್ಲದೆ ಏನೂ ಬರೆದುಕೊಡುವಂತಿಲ್ಲ ಎಂದ. ಕುಶಾಲಪ್ಪ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ.

ಈ ನಡುವೆ ಅವನು ಹತ್ತಿರದ ಸವಣೂರಿನ ಒಂದು ಬ್ಯಾಂಕಿನಲ್ಲಿ ಗಾರ್ಡ್ ಕೆಲಸಕ್ಕೆ ಸೇರಿದ್ದ. ಬಾಗಿಲಲ್ಲಿ ನಿಂತಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಂಡಿ ಊದಿ ಪ್ಯಾಂಟಿನೊಳಗೆ ಬಿಗಿಯುತ್ತಿತ್ತು. ಮ್ಯಾನೇಜರ್ ಒಳ್ಳೆಯವರು, ಒಂದು ಕುರ್ಚಿ ಹಾಕಿಸಿಕೊಟ್ಟರು. ಒಂದು ದಿನ ಪಾಸ್‌ಬುಕ್ ಎಂಟ್ರಿಗೆ ಬಂದ ಒಬ್ಬರು ಅವನನ್ನು ನೋಡಿ, ಮಿಲಿಟರಿಯವರಿಗೆ ನಿಲ್ಲಲಿಕ್ಕೂ ಉದಾಸೀನವಾ ಎಂದು ನಗುತ್ತ ಕೇಳಿದರು. ಅವರಿಗೆ ಅದು ತಮಾಷೆ. ಕುಶಾಲಪ್ಪ ಎದ್ದು ನಿಂತ. ಸಂಜೆ ನಾಲ್ಕರವರೆಗೂ ಕೂರಲಿಲ್ಲ. ಮನೆಗೆ ಬಂದಾಗ ಬೂಟು ಬಿಚ್ಚಲಿಕ್ಕೂ ಬಗ್ಗಲಾಗದೆ ಜಗಲಿಯ ಕಂಬ ಹಿಡಿದು ನಿಂತೇ ಇದ್ದ. ಕಮಲಾವತಿ ಬೂಟಿನ ದಾರ ಬಿಚ್ಚುತ್ತ, ನಾಳೆಯಿಂದ ಅಲ್ಲಿಗೆ ಹೋಗುವುದು ಬೇಡ ಎಂದಳು. ಅವಳು ಅದನ್ನು ಸಮಾಧಾನಕ್ಕೆ ಹೇಳಿದ್ದಲ್ಲ, ತೀರ್ಮಾನ ಹೇಳಿದ್ದು.

2021ರ ಜನವರಿಯಲ್ಲಿ ಮೊದಲ ಮೇಲ್ಮನವಿ ತಿರಸ್ಕಾರವಾಗಿ ಬಂತು. ಅವನ ನಾಲ್ಕು ಪುಟಕ್ಕೆ ನಾಲ್ಕು ಸಾಲಿನ ಉತ್ತರ. ಅದರಲ್ಲೂ ಮೂರನೆಯ ಸಾಲು ಹಳೆಯದೇ, ಅಡಿಕೆ ತೋಟದ್ದು. ನೀವು ಬರೆದದ್ದು ಸುಳ್ಳು ಎಂದಾದರೂ ಹೇಳಿದ್ದರೆ ಅವನಿಗೆ ಇಷ್ಟು ಉರಿಯುತ್ತಿರಲಿಲ್ಲ. ಅವರು ಓದಿಯೇ ಇರಲಿಲ್ಲ. ಮೂರು ಜೀವ ಹಿಡಿದು ನಿಂತ ಕಾಲನ್ನು, ಮನೆಯಲ್ಲಿ ಪಾಚಿಯ ಮೇಲೆ ಜಾರಿದ ಕಾಲು ಮಾಡಿಟ್ಟಿದ್ದರು. ಪಿಂಚಣಿ ಸಿಗದಿದ್ದರೂ ಬದುಕು ನಡೆಯುತ್ತದೆ, ಆದರೆ ಈ ವಾಕ್ಯವನ್ನು ಹಾಗೇ ಬಿಟ್ಟು ತಾನು ಸಾಯುವುದಿಲ್ಲ ಎಂದು ಅವನು ಹೆಂಡತಿಗೆ ಹೇಳಿದ.

ಮಾರ್ಚಿನಲ್ಲಿ ಶೀಟು ಒತ್ತುವ ಮೆಷಿನಿನ ಯಾವುದೋ ಬಿಡಿಭಾಗಕ್ಕೆಂದು ಕುಂಬ್ರಕ್ಕೆ ಹೋದವನು, ಜಂಕ್ಷನ್ನಿನಲ್ಲಿ ಬಸ್ಸು ಕಾಯುತ್ತಿದ್ದ. ಆಟೋ ನಿಲ್ದಾಣದಿಂದ ಒಬ್ಬ ಅವನನ್ನೇ ನೋಡುತ್ತಿದ್ದ. ಐವತ್ತರ ಆಸುಪಾಸು, ಖಾಕಿ ಅಂಗಿ. ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದು, ನಿಮ್ಮ ಕಾಲು ಈಗ ಹೇಗುಂಟು ಎಂದು ಕೇಳಿದ. ಕುಶಾಲಪ್ಪನಿಗೆ ಗುರುತು ಹತ್ತಲಿಲ್ಲ. ಅವನು ರವೂಫ್. ಮೊದಲು ಕಬಕ ಪುತ್ತೂರು ರೈಲ್ವೆ ಸ್ಟೇಷನ್ನಿನಲ್ಲಿ ಆಟೋ ಇಡುತ್ತಿದ್ದವನು, ಈಗ ಕುಂಬ್ರದಲ್ಲಿ ಇಡುತ್ತಾನೆ. ಬಹಳ ವರ್ಷದ ಹಿಂದೆ ಒಂದು ಬೆಳಿಗ್ಗೆ ಮಂಗಳೂರು ಗಾಡಿಯಿಂದ ಒಬ್ಬ ಮಿಲಿಟರಿಯವರನ್ನು ಇಬ್ಬರು ಪ್ರಯಾಣಿಕರು ಎತ್ತಿ ಪ್ಲಾಟ್‌ಫಾರಮ್ಮಿಗೆ ಇಳಿಸಿದ್ದು, ತಾನು ಟ್ರಂಕನ್ನು ತಲೆಯ ಮೇಲೆ ಹೊತ್ತು, ಅವರನ್ನು ಹೆಗಲಿಗೆ ಆನಿಸಿಕೊಂಡು ಆಟೋದಲ್ಲಿ ಕೂರಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಬಸ್‌ಸ್ಟ್ಯಾಂಡಿಗೆ ಬಿಡು ಎಂದವರನ್ನು, ಈ ಕಾಲಲ್ಲಿ ಬಸ್ಸು ಹತ್ತುವುದು ಹೇಗೆ ಎಂದು ಗದರಿಸಿ, ನೇರ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿದ್ದ.

ಕುಶಾಲಪ್ಪನಿಗೂ ನೆನಪಾಯಿತು. ಆವತ್ತಿನ ನೋವಿನಲ್ಲಿ ಅವನು ಆಟೋದವನ ಮುಖ ನೋಡಿರಲಿಲ್ಲ, ಹೆಗಲು ಮಾತ್ರ ನೆನಪಿತ್ತು. ಜಂಕ್ಷನ್ನಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ಅವನು ಎಲ್ಲ ಕತೆ ಹೇಳಿದ. ಅಡಿಕೆ ತೋಟದ ಸಾಲು ಬಂದಾಗ ರವೂಫ್ ಗ್ಲಾಸು ಕೆಳಗಿಟ್ಟ.

"ಮಾರಾಯ್ರೆ, ನೀವು ಅವತ್ತು ಮನೆಗೇ ಮುಟ್ಟಿರ್ಲಿಲ್ಲ. ನಿಮ್ಮ ಟ್ರಂಕು ನನ್ನ ರಿಕ್ಷಾದಲ್ಲಿ ಇತ್ತು. ಮನೆಗೆ ಹೋಗದೆ ಮನೆಯಲ್ಲಿ ಬೀಳುದು ಹೇಗೆ?"

ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಕುಶಾಲಪ್ಪ, ಚೆನ್ನಪ್ಪನವರು, ಸುರಕ್ಷಾ ಮೂವರೂ ಹಿಮದ ಮೇಲೆ ಬಿದ್ದದ್ದಕ್ಕೆ ಸಾಕ್ಷಿ ಹುಡುಕುತ್ತಿದ್ದರು. ಅಲ್ಲಿನ ಸಾಕ್ಷಿಯನ್ನು ಸುಟ್ಟು ಹಾಕಿದ್ದರು. ತೋಟದಲ್ಲಿ ಬೀಳಲಿಲ್ಲ ಎಂಬುದಕ್ಕೆ ಸಾಕ್ಷಿ ಇಲ್ಲೇ, ಕುಂಬ್ರದ ಆಟೋ ನಿಲ್ದಾಣದಲ್ಲಿತ್ತು. ರಜೆ ಆರಕ್ಕೆ ಸುರುವಾದದ್ದು ನಿಜ. ಆದರೆ ಆರು, ಏಳು, ಎಂಟು ಅವನು ಇದ್ದದ್ದು ಟ್ರಕ್ಕಿನಲ್ಲಿ, ರೈಲಿನಲ್ಲಿ. ಒಂಬತ್ತರ ಬೆಳಿಗ್ಗೆ ಪುತ್ತೂರಿನಲ್ಲಿ ಇಳಿದವನು ಮನೆಯ ಬಾಗಿಲು ನೋಡುವ ಮೊದಲೇ ಡಾಕ್ಟರ ಮೇಜಿನ ಮೇಲೆ ಮಲಗಿದ್ದ.

ಬಸ್ಸು ಬಂದು ಹೋಯಿತು. ರವೂಫ್ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಆಗಲೇ ಪುತ್ತೂರಿಗೆ ಹೊರಟ.

ನರ್ಸಿಂಗ್ ಹೋಮಿನಲ್ಲಿ ಹಳೆಯ ಡಾಕ್ಟರು ತೀರಿಕೊಂಡಿದ್ದರು. ಹಳೆಯ ನರ್ಸು ಪರಮೇಶ್ವರಿ ಇದ್ದರು. ಐದು ವರ್ಷದ ಹಿಂದಿನ ರಿಜಿಸ್ಟರು ಕೇಳಿದ್ದಕ್ಕೆ ಅವರು ಮೊದಲು ನಕ್ಕರು, ಮತ್ತೆ ವಿಷಯ ಕೇಳಿ ಗಂಭೀರವಾದರು. ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿ ಪುಸ್ತಕಗಳ ಕಟ್ಟುಗಳಿದ್ದವು, ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಎರಡು ಮಧ್ಯಾಹ್ನ, ಊಟ ಬಿಟ್ಟು, ಆಕೆ ಹುಡುಕಿದರು. ಎರಡನೆಯ ದಿನ ರವೂಫನಿಗೆ ಫೋನು ಬಂತು. ಫೆಬ್ರವರಿ ಒಂಬತ್ತು, ಬೆಳಿಗ್ಗೆ ಒಂಬತ್ತೂ ನಲವತ್ತು. ಹೆಸರು ಕುಶಾಲಪ್ಪ, ಬಲಮಂಡಿ ಊತ. ಕರೆತಂದವರು ಎಂಬ ಅಂಕಣದಲ್ಲಿ ಪರಮೇಶ್ವರಿಯವರ ಅಕ್ಷರದಲ್ಲೇ ಬರೆದಿತ್ತು: ರವೂಫ್, ಆಟೋ ಚಾಲಕ, ರೈಲ್ವೆ ಸ್ಟೇಷನ್ನಿನಿಂದ. ಪಕ್ಕದಲ್ಲಿ ಆಟೋದ ನಂಬರು.

ರೈಲಿನ ಟಿಕೆಟ್ಟನ್ನು ಕಮಲಾವತಿ ಹುಡುಕಿಕೊಟ್ಟಳು. ರಜೆಯ ಪಾಸಿಗೆ ಪಿನ್ನು ಮಾಡಿದ್ದು ಹಾಗೇ ಇತ್ತು. ಅವಳು ಗಂಡನ ಒಂದು ಕಾಗದವನ್ನೂ ಬಿಸಾಡಿದವಳಲ್ಲ. ಯಾವುದು ಯಾವಾಗ ಬೇಕಾಗುತ್ತದೋ ಎಂಬ ಹೆದರಿಕೆ ಅವಳಿಗೆ ಮದುವೆಯಾದಂದಿನಿಂದ ಇತ್ತು.

ಪುತ್ತೂರಿನ ಕೋರ್ಟಿನ ಹತ್ತಿರ ನೋಟರಿಯ ಎದುರು ರವೂಫ್ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು ಕುಶಾಲಪ್ಪ, ಇದು ಮಿಲಿಟರಿಯವರ ವಿಷಯ, ನಾಳೆ ನಿಮ್ಮನ್ನು ಕರೆದು ವಿಚಾರಿಸಲೂಬಹುದು ಎಂದು ಎಚ್ಚರಿಸಿದ.

"ಕರೀಲಿ," ರವೂಫ್ ಹೇಳಿದ. "ನಾನು ಕಂಡದ್ದನ್ನು ಹೇಳುದು. ಕಾಣದ್ದನ್ನು ಬರೆದವರಿಗೆ ಹೆದರಿಕೆ ಇಲ್ಲ, ಕಂಡವನಿಗೆ ಎಂತಕ್ಕೆ?"

ಅವನು ಸಹಿ ಮಾಡುವ ಮೊದಲು ಎರಡೂ ಪುಟವನ್ನು ಸುರಕ್ಷಾಳ ಹತ್ತಿರ ಕನ್ನಡದಲ್ಲಿ ಓದಿಸಿ ಕೇಳಿದ. ಕುಶಾಲಪ್ಪ ಆಗ ತಲೆ ತಗ್ಗಿಸಿದ್ದನ್ನು ಮಗಳು ಮಾತ್ರ ನೋಡಿದಳು.

ಎರಡನೆಯ ಮೇಲ್ಮನವಿ ಮೇ ತಿಂಗಳಲ್ಲಿ ಹೋಯಿತು. ಈ ಸಲ ಒಂದೇ ಪುಟ. ಹಿಮವಿಲ್ಲ, ಹಗ್ಗವಿಲ್ಲ. ಟಿಕೆಟ್ಟು, ರಿಜಿಸ್ಟರಿನ ನಕಲು, ರವೂಫನ ಪ್ರಮಾಣಪತ್ರ, ಬಚ್ಚಲಿನ ಹಿಂದಿನ ನಾಲ್ಕು ಮರದ ಫೋಟೋ. ಆ ಫೋಟೋ ಯಾಕೆ ಎಂದು ಚೆನ್ನಪ್ಪನವರು ಕೇಳಿದ್ದಕ್ಕೆ, ಅವರು ಹೇಳಿದ ತೋಟ ಅವರೂ ಒಮ್ಮೆ ನೋಡಲಿ ಎಂದು ಕುಶಾಲಪ್ಪ ಹೇಳಿದ. ಮೊದಲ ಬೋರ್ಡು ಹಾಕಿದ ಅಂಕಿಯನ್ನೂ ಒಪ್ಪುವುದಿಲ್ಲ, ಪುನಃ ಪರೀಕ್ಷೆ ಆಗಬೇಕು ಎಂದು ಕೊನೆಯಲ್ಲಿ ಸೇರಿಸಿದ್ದರು.

ವರ್ಷ ಕಳೆದ ಮೇಲೆ ಕರೆ ಬಂತು. 2022ರ ಜೂನಿನಲ್ಲಿ ಕುಶಾಲಪ್ಪ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ಮೇಲ್ಮನವಿಯ ಮೆಡಿಕಲ್ ಬೋರ್ಡಿನ ಎದುರು ನಿಂತ. ಮೂವರು ಡಾಕ್ಟರು. ಒಬ್ಬರು ಮತ್ತೆ ಅದೇ ರೀತಿ ಅವನನ್ನು ಮಲಗಿಸಿ, ಮಂಡಿಗೆ ಅಳತೆಯ ಉಪಕರಣ ಹಿಡಿದು, ಅಂಕಿ ಹೇಳಿದರು, ಇನ್ನೊಬ್ಬರು ಬರೆದುಕೊಂಡರು. ಕುಶಾಲಪ್ಪ ಅಧಿಕಾರಿಗಳ ಎದುರು ಕೇಳದೆ ಬಾಯಿ ತೆರೆದವನಲ್ಲ. ಆವತ್ತು ಮಲಗಿದಲ್ಲಿಂದಲೇ ಹಿಂದಿಯಲ್ಲಿ ಹೇಳಿದ:

"ಸಾಬ್, ನಾನು ಗುಡ್ಡ ಇಳಿಯುವುದು ಮಲಗಿಕೊಂಡು ಅಲ್ಲ."

ಮೂರನೆಯವರು, ನಲವತ್ತರ ಆಸುಪಾಸಿನ ಮಹಿಳಾ ಅಧಿಕಾರಿ, ಫೈಲು ಮುಚ್ಚಿ ಎದ್ದರು. ಬನ್ನಿ ಎಂದು ಅವನನ್ನು ಹೊರಗೆ ಮೆಟ್ಟಿಲಿನ ಹತ್ತಿರ ಕರೆದುಕೊಂಡು ಹೋದರು. ಎರಡು ಮಹಡಿ ಇಳಿಯಬೇಕು, ಕಂಬಿ ಹಿಡಿಯಬಾರದು ಎಂದರು. ಕುಶಾಲಪ್ಪ ಆರು ಮೆಟ್ಟಿಲು ಇಳಿದ. ಏಳನೆಯದರಲ್ಲಿ ಮಂಡಿ ಪಕ್ಕಕ್ಕೆ ಹೋಯಿತು, ಅವನು ಗೋಡೆಗೆ ಅಪ್ಪಳಿಸಿದ. ಆಕೆ ತಾವೇ ಇಳಿದು ಬಂದು ಅವನ ತೋಳು ಹಿಡಿದರು. ಕೆಳಗೆ ಬೆಂಚಿನಲ್ಲಿ ಕೂರಿಸಿ, ಊರಲ್ಲಿ ಏನು ಕೆಲಸ, ಎಷ್ಟು ಭಾರ ಹೊರಬೇಕು, ಕಕ್ಕಸಿಗೆ ಕೂರಲಾಗುತ್ತದಾ, ಎಲ್ಲವನ್ನೂ ಕೇಳಿದರು. ಟ್ಯಾಪಿಂಗ್ ಈಗ ಯಾರು ಮಾಡುತ್ತಾರೆ ಎಂದಾಗ ಹೆಂಡತಿ ಎಂದ. ಆಕೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು, ಮತ್ತೆ ಬರೆದರು. ಆ ದಿನ ಕಳೆದದ್ದು ಎರಡು ನಿಮಿಷವಲ್ಲ, ಒಂದೂವರೆ ಗಂಟೆ. ಕೊನೆಗೆ ಆಕೆ ಬರೆದದ್ದನ್ನು ಅವನಿಗೆ ಓದಿ ಹೇಳಿ, ಸರಿಯಾಗಿ ಉಂಟಾ ಎಂದು ಕೇಳಿ, ಆಮೇಲೆ ಸಹಿ ತೆಗೆದುಕೊಂಡರು.

2023ರ ಆಗಸ್ಟಿನಲ್ಲಿ ಆದೇಶ ಬಂತು. ಊನ ನೂರಕ್ಕೆ ಮೂವತ್ತು, ಜೀವಮಾನಕ್ಕೆ. ಪಿಂಚಣಿ ನಿವೃತ್ತಿಯ ದಿನದಿಂದಲೇ ಮಂಜೂರು. ಕಮಲಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಳ್ಯದಿಂದ ಚೆನ್ನಪ್ಪನವರು ಫೋನಿನಲ್ಲಿ ಸ್ವೀಟು ಕೇಳಿದರು. ಮಾಜಿ ಸೈನಿಕರ ಸಂಘದವರು ಸನ್ಮಾನ ಮಾಡುತ್ತೇವೆ ಎಂದರು. ಡಿಗ್ರಿಯ ಕೊನೆಯ ವರ್ಷದಲ್ಲಿದ್ದ ಸುರಕ್ಷಾ ಮಾತ್ರ ಅಪ್ಪನ ಮುಖ ನೋಡಿ, ಆದೇಶವನ್ನು ಮತ್ತೊಮ್ಮೆ ನಿಧಾನವಾಗಿ ಓದಿದಳು. ಸದರಿ ಪ್ರಕರಣವನ್ನು ಸಹಾನುಭೂತಿಯಿಂದ ಪರಿಶೀಲಿಸಿ ವಿಶೇಷ ಪ್ರಕರಣವೆಂದು ಪರಿಗಣಿಸಲಾಗಿದೆ ಎಂದಿತ್ತು. ಅಡಿಕೆ ತೋಟದ ಮಾತೇ ಇರಲಿಲ್ಲ. ತಪ್ಪು ಎಂದೂ ಇಲ್ಲ, ಸರಿ ಎಂದೂ ಇಲ್ಲ. ಫೈಲಿನಲ್ಲಿ ಆ ವಾಕ್ಯ ಹಾಗೇ ಇತ್ತು, ಅದರ ಮೇಲೆ ಸಹಾನುಭೂತಿ ಹೊದಿಸಿದ್ದರು.

"ಸಹಾನುಭೂತಿ ಯಾರು ಕೇಳಿದ್ದು?" ಕುಶಾಲಪ್ಪ ಹೇಳಿದ. "ಭಿಕ್ಷೆಗೆ ಹೋದದ್ದಾ ನಾನು?"

ತನ್ನ ಅರ್ಜಿಯಲ್ಲಿ ಅವನು ಎಲ್ಲಿಯೂ ಆ ಪದ ಬರೆದಿರಲಿಲ್ಲ. ಸಿಕ್ಕಿತಲ್ಲ, ಇನ್ನು ಬಿಡಿ ಎಂದು ಎಲ್ಲರೂ ಹೇಳಿದರು. ಚೆನ್ನಪ್ಪನವರು, ಕೊಟ್ಟವರ ಕೈಯನ್ನು ಮತ್ತೆ ಕೆದಕಲು ಹೋಗಬೇಡ, ಇದ್ದದ್ದೂ ಸಿಕ್ಕಿಹಾಕಿಕೊಂಡೀತು ಎಂದರು. ಕಮಲಾವತಿಯೂ ಅದೇ ಹೇಳಬಹುದೆಂದು ಅವನು ಕಾದ. ಅವಳು ಹೇಳಲಿಲ್ಲ. ಶೀಟುಗಳನ್ನು ಹಗ್ಗಕ್ಕೆ ಹಾಕುತ್ತ, "ಬರೀರಿ. ಇಲ್ಲದ ತೋಟಕ್ಕೆ ನಾನು ಯಾಕೆ ಯಜಮಾನ್ತಿ ಆಗಬೇಕು?" ಎಂದಳು.

ಸನ್ಮಾನಕ್ಕೆ ಅವನು ಹೋಗಲಿಲ್ಲ. ಬದಲಿಗೆ ಕಾಗದ ಬರೆದ. ಎರಡೇ ಬೇಡಿಕೆ: ಸಹಾನುಭೂತಿ ಎಂಬ ಪದವನ್ನು ತೆಗೆಯಬೇಕು, ತೋಟದ ವಾಕ್ಯವನ್ನು ತಿದ್ದಬೇಕು. ಮೂರು ತಿಂಗಳ ಮೇಲೆ ಉತ್ತರ ಬಂತು: ಪಿಂಚಣಿ ಮಂಜೂರಾಗಿರುವುದರಿಂದ ಹೆಚ್ಚಿನ ಕ್ರಮದ ಅಗತ್ಯವಿಲ್ಲ. ಅವನು ಮತ್ತೆ ಬರೆದ. ಸಹಾನುಭೂತಿ ಎಂಬುದು ನಮೂನೆಯಲ್ಲಿ ಮೊದಲೇ ಅಚ್ಚಾಗಿರುವ ಪದ, ಬದಲಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಅಚ್ಚು ಹಾಕಿಸಿದವರು ಯಾರು ಎಂದು ಅವನು ಮೂರನೆಯದು ಬರೆದ. ಅದಕ್ಕೆ ಉತ್ತರವೇ ಬರಲಿಲ್ಲ. ಕಾಣಿಯೂರಿನ ಪೋಸ್ಟಾಫೀಸಿನವರಿಗೆ ಅವನನ್ನು ಕಂಡಕೂಡಲೇ ರಿಜಿಸ್ಟರ್ಡಿನ ಚೀಟಿ ತೆಗೆದಿಡುವಷ್ಟು ಅಭ್ಯಾಸವಾಯಿತು. ನಾಲ್ಕನೆಯದರಲ್ಲಿ ಅವನು ಸಹಾನುಭೂತಿಯ ವಿಷಯ ಬಿಟ್ಟ, ತೋಟವನ್ನು ಮಾತ್ರ ಹಿಡಿದ.

ಕಳೆದ ವರ್ಷ ಮಳೆ ಸುರುವಾಗುವ ಹೊತ್ತಿಗೆ ಅರ್ಧ ಹಾಳೆಯ ಒಂದು ಕಾಗದ ಬಂತು. ಫಾರ್ಮಿನ ಏಳನೆಯ ಅಂಕಣವನ್ನು ಈ ಕೆಳಗಿನಂತೆ ಓದಿಕೊಳ್ಳತಕ್ಕದ್ದು: ಕರ್ತವ್ಯದ ಮೇಲಿದ್ದಾಗ, ರಜೆಗೆ ಮುಂಚೆ ಆದ ಗಾಯ. ಏಳನೆಯ ಅಂಕಣವೆಂದರೆ ತೋಟದ ವಾಕ್ಯವಿದ್ದದ್ದು. ಕೆಳಗೆ ಓದಲಾಗದ ಒಂದು ಸಹಿ. ಯಾಕೆ ತಿದ್ದಿದ್ದು, ಮೊದಲು ಬರೆದವರು ಯಾರು, ಏನೂ ಇಲ್ಲ.

ಕುಶಾಲಪ್ಪ ಅದರ ಒಂದು ನಕಲು ಮಾಡಿಸಿಕೊಂಡು ಕುಂಬ್ರಕ್ಕೆ ಹೋದ. ತನಗಾಗಿ ಬಾಡಿಗೆ ಬಿಟ್ಟು ಅಲೆದಾಡಿದವನಿಗೆ ತೋರಿಸದೆ ಇರುವುದು ಸರಿಯಲ್ಲ ಎನಿಸಿತ್ತು. ರವೂಫ್ ಕಾಗದ ಹಿಡಿದುಕೊಂಡು, ಇಂಗ್ಲಿಷಿನಲ್ಲಿದ್ದದ್ದರ ಅರ್ಥವನ್ನು ಅವನ ಬಾಯಿಂದ ಕೇಳಿದ. ಮತ್ತೆ ಹಾಳೆಯ ಹಿಂದಿನ ಬದಿ ತಿರುಗಿಸಿ ನೋಡಿದ.

"ತಪ್ಪಾಯ್ತು ಅಂತ ಎಲ್ಲಿ ಬರೆದಿದ್ದಾರೆ?"

"ಬರೆದಿಲ್ಲ."

"ಒಂದು ಮಾತಿಗೂ ಇಲ್ವಾ?"

"ಇಲ್ಲ."

ರವೂಫ್ ಕಾಗದವನ್ನು ಜಾಗ್ರತೆಯಾಗಿ ಮಡಚಿ ವಾಪಸು ಕೊಟ್ಟ. ಹಾಗಾದರೆ ಇನ್ನೊಂದು ಬರೆಯಲೇಬೇಕಲ್ಲ ಎಂದ. ಬರೆಯಬೇಕೆಂದೇ ಇದ್ದೇನೆ ಎಂದು ಕುಶಾಲಪ್ಪ ಹೇಳಿದ. ಇಬ್ಬರೂ ಹೋಟೆಲಿನೊಳಗೆ ಹೋಗಿ ಚಾ ಹೇಳಿ, ಅದರಲ್ಲಿ ಏನೇನು ಬರೆಯಬೇಕೆಂದು ಮಾತಾಡತೊಡಗಿದರು.